ಆಕಾಶಕ್ಕೂ ಒಂದು ಉತಾರ

ಭೂಮಿಗೆ ಉತಾರ ಇರುವುದು ನಮಗೆಲ್ಲ ಗೊತ್ತು. ಧಾರವಾಡ, ಬೆಳಗಾವಿ ಕಡೆಯವರಿಗೆ ಅದು ಉತಾರ, ಮೈಸೂರು ಕಡೆಯವರಿಗೆ ಪಹಣಿ, ಇಲ್ಲಿ ಪುಣೆಯಲ್ಲಿ ಸಾತ್-ಬಾರಾ. ಹೆಸರು ಯಾವುದಾದರೂ ಒಳಗಿರುವುದು ಒಂದೇ. ಜಮೀನು ಯಾರ ಹೆಸರಿನಲ್ಲಿದೆ, ಎಷ್ಟು ಗುಂಟೆ, ಯಾರ ಬೋಜಾ ಇದೆ, ಯಾರಿಗೆ ಹಾದುಹೋಗುವ ಹಕ್ಕಿದೆ. ಮೂವತ್ತು ವರ್ಷ ಬ್ಯಾಂಕಿನಲ್ಲಿ ಇದನ್ನೇ ಓದಿಕೊಂಡು ಬಂದವನು ನಾನು. ನಮ್ಮ ತಲೆಯ ಮೇಲಿನ ಆಕಾಶಕ್ಕೂ ಹೀಗೇ ಒಂದು ಉತಾರ ಇದೆ, ಅಲ್ಲಿಯೂ ಗಡಿ, ಮಾಲೀಕ, ಬೋಜಾ, ದಾರಿಯ ಹಕ್ಕು ಎಲ್ಲ ಉಂಟು ಅಂತ ನನಗೆ ಗೊತ್ತಾದದ್ದು ಪುಣೆಗೆ ಬಂದ ಮೇಲೆ!

ಕಾರಣ ಸರಳ. ವಿಮಾನ ನಗರ, ಖರಾಡಿ, ಧಾನೋರಿ ಕಡೆಯ ಗೃಹಸಾಲದ ಫೈಲುಗಳಲ್ಲಿ ಸಾತ್-ಬಾರಾ, ಎನ್.ಎ. ಆರ್ಡರ್, ಮಂಜೂರಾದ ಪ್ಲಾನ್ ಇವುಗಳ ಜೊತೆ ಇನ್ನೊಂದು ಕಾಗದ ಇರುತ್ತದೆ. ಕಟ್ಟಡದ ಎತ್ತರಕ್ಕೆ ವಾಯುಸೇನೆಯ ಎನ್.ಓ.ಸಿ. ಜಾಗ ಬಿಲ್ಡರ್‌ನದು, ದುಡ್ಡು ಗಿರಾಕಿಯದು, ಸಾಲ ಬ್ಯಾಂಕಿನದು. ಇವರ ಮಧ್ಯೆ ಈ ವಾಯುಸೇನೆ ಎಲ್ಲಿಂದ ಬಂತು? ಈ ಪ್ರಶ್ನೆಯ ಬೆನ್ನು ಹತ್ತಿದ್ದೆ. ಆಮೇಲೆ ನಮ್ಮ ಸೊಸೈಟಿಯ ಕನ್ನಡದ ಹುಡುಗನೊಬ್ಬ ಬಾರಾಮತಿಯಲ್ಲಿ ಪೈಲಟ್ ತರಬೇತಿಗೆ ಸೇರಿ, "ಅಂಕಲ್, ಇದು ನೋಡಿ" ಅಂತ ತನ್ನ ಚಾರ್ಟನ್ನು ನಮ್ಮ ಊಟದ ಟೇಬಲ್ ಮೇಲೆ ಹರಡಿದ. ಅವನು ಬಾಯಿಪಾಠ ಮಾಡುತ್ತಿದ್ದ ಗೆರೆಗಳಿಗೆಲ್ಲ ಒಂದೊಂದು ಇತಿಹಾಸ ಇದೆ ಅನ್ನುವುದು ಆಮೇಲೆ ಓದುತ್ತಾ ಹೋದಂತೆ ತಿಳಿಯಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಮಾಲೀಕತ್ವದ ಮಾತು. ಯುರೋಪಿನ ಹಳೆಯ ಕಾನೂನಿನಲ್ಲಿ ಭೂಮಿ ಯಾರದೋ ಅದರ ಮೇಲಿನ ಆಕಾಶವೂ ಸ್ವರ್ಗದ ತನಕ ಅವನದೇ ಅನ್ನುವ ಸೂತ್ರವಿತ್ತು. ಗಾಳಿಯಲ್ಲಿ ಹಕ್ಕಿ ಬಿಟ್ಟರೆ ಬೇರೇನೂ ಹಾರದಿದ್ದ ಕಾಲಕ್ಕೆ ಇದರಿಂದ ಯಾರಿಗೂ ತೊಂದರೆ ಇರಲಿಲ್ಲ. ವಿಮಾನ ಬಂತು, ಮೊದಲ ಮಹಾಯುದ್ಧ ಬಂತು, ಮೇಲಿನಿಂದ ಬಾಂಬು ಬೀಳಬಹುದು ಅಂತ ಜಗತ್ತಿಗೆ ಅರ್ಥವಾಯಿತು. 1919ರ ಪ್ಯಾರಿಸ್ ಒಪ್ಪಂದ, ಆಮೇಲೆ 1944ರ ಡಿಸೆಂಬರ್ 7ರಂದು ಸಹಿಯಾದ ಶಿಕಾಗೋ ಒಪ್ಪಂದ, ಎರಡೂ ಹೇಳಿದ್ದು ಒಂದೇ ಮಾತು: ಒಂದು ದೇಶದ ಮೇಲಿನ ಆಕಾಶದ ಸಂಪೂರ್ಣ ಒಡೆತನ ಆ ದೇಶದ್ದು. ಸೈನ್ಯದ ಅಗತ್ಯಕ್ಕೆ ಅಥವಾ ಸಾರ್ವಜನಿಕ ಸುರಕ್ಷತೆಗೆ ಯಾವುದೇ ತುಂಡನ್ನು ಬೇಲಿ ಹಾಕಿ ಮುಚ್ಚುವ ಅಧಿಕಾರವೂ ಅದರದ್ದೇ. ಅಂದರೆ ಆಕಾಶ ಪೂರ್ತಿ ಸರ್ಕಾರಿ ಖರಾಬು ಅನ್ನಿ!

ಹಾಗಾದರೆ ಕೆಳಗಿನ ರೈತನ ಗತಿ? 1946ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿಗೆ ಕಾಸ್ಬಿ ಅನ್ನುವ ಕೋಳಿ ಸಾಕಣೆದಾರನ ಕೇಸು ಬಂತು. ಸೈನ್ಯದ ವಿಮಾನಗಳು ಅವನ ಜಾಗದ ಮೇಲೆ ಬರೀ 83 ಅಡಿ ಎತ್ತರದಲ್ಲಿ ಹಾರುತ್ತಿದ್ದವು. ಕೋಳಿಗಳು ಹೆದರಿ ಗೋಡೆಗೆ ಹಾರಿ ಬಡಿದುಕೊಂಡು ಸಾಯುತ್ತಿದ್ದವು. ಸ್ವರ್ಗದವರೆಗೆ ಒಡೆತನ ಅನ್ನುವ ಹಳೇ ಸೂತ್ರ ಇನ್ನು ನಡೆಯುವುದಿಲ್ಲ ಅಂದ ಕೋರ್ಟು, ನೆಲವನ್ನು ಅನುಭವಿಸುವುದಕ್ಕೇ ಅಡ್ಡಿಯಾಗುವಷ್ಟು ಕೆಳಗೆ ಹಾರಿದರೆ ಅದು ಅವನ ಆಸ್ತಿಯನ್ನು ತೆಗೆದುಕೊಂಡಂತೆಯೇ, ಪರಿಹಾರ ಕೊಡಬೇಕು ಅಂತಲೂ ಹೇಳಿತು. ಈ ಕೋಳಿಯ ಕೇಸನ್ನು ನೆನಪಿಟ್ಟುಕೊಳ್ಳಿ, ಪುರಂದರದ ವಿಷಯ ಬಂದಾಗ ಬೇಕಾಗುತ್ತದೆ.

ಇನ್ನು ನಕ್ಷೆಗಳಿಗೆ ಬರೋಣ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಅಂಚೆಚೀಲ ಹೊತ್ತು ಅಹಮದಾಬಾದ್ ಮೇಲೆ ಮುಂಬಯಿಯ ಜುಹೂಗೆ ಬಂದಿಳಿದದ್ದು ಎಲ್ಲರಿಗೂ ಗೊತ್ತಿರುವ ಕಥೆ. ಅಲ್ಲಿಂದ ಮುಂದೆ ಅದೇ ಅಂಚೆಯನ್ನು ಮದ್ರಾಸಿಗೆ ಹೊತ್ತವರು ನೆವಿಲ್ ವಿನ್ಸೆಂಟ್, ಅವರ ನಡುವಿನ ನಿಲ್ದಾಣ ನಮ್ಮ ಬಳ್ಳಾರಿ! ಮುಂಬಯಿಯಿಂದ ಬಳ್ಳಾರಿಗೆ ನಕ್ಷೆಯ ಮೇಲೆ ಸ್ಕೇಲಿಟ್ಟು ಗೆರೆ ಎಳೆದರೆ ಅದು ಪುಣೆಯ ದಕ್ಷಿಣಕ್ಕೆ ಸಹ್ಯಾದ್ರಿ ದಾಟಿ, ಬಿಜಾಪುರ ಜಿಲ್ಲೆಯ ಮೇಲೆ ಹಾಯುತ್ತದೆ. ಆಗ ಆ ದಾರಿಯಲ್ಲಿ ದಿಕ್ಕು ತೋರಿಸುವ ರೇಡಿಯೋ ಇರಲಿಲ್ಲ, ಗಡಿಯೂ ಇರಲಿಲ್ಲ. ಆ ಕಾಲದ ಪೈಲಟ್‌ಗಳು ನೆಲದ ನಕ್ಷೆ ಹಿಡಿದು, ರೈಲು ಹಳಿ, ನದಿ, ಕೆರೆ, ಕೋಟೆ ನೋಡಿಕೊಂಡು ಹಾರುತ್ತಿದ್ದರು. ನಕ್ಷೆಯಲ್ಲಿ ಇದ್ದದ್ದೆಲ್ಲ ನೆಲದ ಮೇಲಿನದು. ಆಕಾಶ ಖಾಲಿ ಕಾಗದ.

ಅಮೆರಿಕದಲ್ಲಿ ಎಲ್ರೆ ಜೆಪ್ಪೆಸನ್ ಅನ್ನುವ ಅಂಚೆ ಪೈಲಟ್ ಹತ್ತು ಸೆಂಟಿನ ಒಂದು ನೋಟುಬುಕ್ಕಿನಲ್ಲಿ ಯಾವ ಊರಿನ ಪಟ್ಟಿ ಎಷ್ಟು ಉದ್ದ, ಯಾವ ಗುಡ್ಡ ಎಷ್ಟು ಎತ್ತರ, ಯಾವ ತಂತಿ ಕಂಬ ಎಲ್ಲಿ ಅಂತ ಬರೆದಿಟ್ಟುಕೊಳ್ಳುತ್ತಿದ್ದ. ಜೊತೆಯ ಪೈಲಟ್‌ಗಳು ಸಾಯುತ್ತಿದ್ದ ಕಾಲ ಅದು. 1934ರಲ್ಲಿ ಆ ಪುಸ್ತಕದ ಪ್ರತಿಗಳನ್ನು ಹತ್ತು ಡಾಲರಿಗೆ ಮಾರಲು ಶುರು ಮಾಡಿದ. ಇವತ್ತಿಗೂ ಪೈಲಟ್‌ಗಳ ಬಾಯಲ್ಲಿ ಚಾರ್ಟಿಗೆ 'ಜೆಪ್' ಅನ್ನುವ ಅಡ್ಡಹೆಸರು ಉಳಿದಿರುವುದು ಆ ನೋಟುಬುಕ್ಕಿನಿಂದ.

ಪುಣೆಯ ಮೇಲಿನ ಖಾಲಿ ಕಾಗದಕ್ಕೆ ಗೆರೆ ಬೀಳಲು ಕಾರಣವಾದದ್ದು 1939. ಎರಡನೆಯ ಮಹಾಯುದ್ಧದ ಹೊತ್ತಿಗೆ ಮುಂಬಯಿಯ ರಕ್ಷಣೆಗೆಂದು ಬ್ರಿಟಿಷರು ಲೋಹಗಾಂವ್‌ನಲ್ಲಿ ವಾಯುನೆಲೆ ಕಟ್ಟಿದರು. ಸ್ವಾತಂತ್ರ್ಯದ ನಂತರ ಅದು ನಮ್ಮ ವಾಯುಸೇನೆಯ ಪಾಲಿಗೆ ಬಂತು. 2002ರ ಸೆಪ್ಟೆಂಬರ್‌ನಲ್ಲಿ ಸುಖೋಯ್-30 ಎಂಕೆಐ ಮೊದಲು ಸೇರ್ಪಡೆಯಾದದ್ದೂ ಇಲ್ಲೇ. ನಾವು ಬೆಂಗಳೂರಿಗೋ ದೆಹಲಿಗೋ ಹೋಗಲು ಹತ್ತುವ ವಿಮಾನ ನಿಲ್ದಾಣ ಆ ನೆಲೆಯ ಒಂದು ಮೂಲೆ ಮಾತ್ರ. 2024ರ ಜುಲೈಯಲ್ಲಿ ಹೊಸ ಟರ್ಮಿನಲ್ ಶುರುವಾಯಿತು, ನಿಜ. ಆದರೆ ರನ್‌ವೇ ಒಂದೇ, ಅದು ವಾಯುಸೇನೆಯದು, ಟವರಿನಲ್ಲಿ ಕೂತು ಮಾತಾಡುವವರೂ ವಾಯುಸೇನೆಯವರು. 2021ರ ಅಕ್ಟೋಬರ್ 16ರಿಂದ 29ರವರೆಗೆ ರನ್‌ವೇ ರಿಪೇರಿಗೆಂದು 14 ದಿನ ಇಡೀ ವಿಮಾನ ನಿಲ್ದಾಣ ಮುಚ್ಚಿತ್ತು. ಊರು ನಮ್ಮದು, ಬಾಡಿಗೆಗೆ ಇರುವವರೂ ನಾವೇ ಅನ್ನುವುದು ಆಗ ಪುಣೆಯ ಐ.ಟಿ. ಮಂದಿಗೂ ತಿಳಿಯಿತು.

ಈಗ ಹುಡುಗ ಬಾಯಿಪಾಠ ಮಾಡುತ್ತಿದ್ದ ಅಕ್ಷರಗಳ ವಿಷಯ. ಆಕಾಶವನ್ನು ಎ, ಬಿ, ಸಿ, ಡಿ, ಇ, ಎಫ್, ಜಿ ಅಂತ ಏಳು ವರ್ಗ ಮಾಡಿದ್ದಾರೆ. ಇದೇನು ಟಿಕೆಟ್ಟಿನ ಕ್ಲಾಸ್ ಇದ್ದ ಹಾಗೆ ಅಂದುಕೊಂಡಿದ್ದೆ, ಅದಲ್ಲ. ಇದರ ಬೇರು 1956ರಲ್ಲಿದೆ. ಆ ವರ್ಷ ಜೂನ್ 30ರಂದು ಅಮೆರಿಕದ ಗ್ರ್ಯಾಂಡ್ ಕ್ಯಾನ್ಯನ್ ಮೇಲೆ, 21,000 ಅಡಿ ಎತ್ತರದಲ್ಲಿ, ಎರಡು ಪ್ರಯಾಣಿಕ ವಿಮಾನಗಳು ಡಿಕ್ಕಿ ಹೊಡೆದು 128 ಜನ ಸತ್ತರು. ಆ ಜಾಗದಲ್ಲಿ ವಿಮಾನಗಳನ್ನು ದೂರ ಇಡುವ ಹೊಣೆ ನೆಲದ ಮೇಲಿನ ಯಾರದೂ ಆಗಿರಲಿಲ್ಲ, 'ನೀನು ನೋಡು, ನಿನ್ನನ್ನೂ ನೋಡುತ್ತಾರೆ' ಅನ್ನುವುದೇ ನಿಯಮ. ಜೆಟ್ ಯುಗದ ವೇಗಕ್ಕೆ ಕಣ್ಣು ಸಾಲದು ಅಂತ ಗೊತ್ತಾಗಿ 1958ರಲ್ಲಿ ಅಲ್ಲಿ ಹೊಸ ಕಾನೂನೇ ಬಂತು. ಮುಂದೆ ದೇಶಕ್ಕೊಂದು ಪದ್ಧತಿ ಬೆಳೆದು ಗೊಂದಲವಾಗಿ, ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ 1990ರಲ್ಲಿ ಈ ಏಳು ಅಕ್ಷರಗಳನ್ನು ಗೊತ್ತು ಮಾಡಿತು.

ನಮ್ಮ ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ ಆ ಅಕ್ಷರ ಹೇಳುವುದು ಒಂದೇ ವಿಷಯ: ಇಲ್ಲಿ ಜಾಮೀನುದಾರ ಯಾರು? ಎ ವರ್ಗದಲ್ಲಿ ಉಪಕರಣ ನೋಡಿ ಹಾರುವವರಿಗೆ ಮಾತ್ರ ಪ್ರವೇಶ, ಪ್ರತಿ ವಿಮಾನವನ್ನೂ ಇನ್ನೊಂದರಿಂದ ದೂರ ಇಡುವ ಹೊಣೆ ಪೂರ್ತಿ ಕಂಟ್ರೋಲರ್‌ದು. ಅದು ಸ್ಟ್ರಾಂಗ್ ರೂಮು. ಬಿ ವರ್ಗದಲ್ಲಿ ಕಣ್ಣಳತೆಯಲ್ಲಿ ಹಾರುವ ಸಣ್ಣ ವಿಮಾನಕ್ಕೂ ಪ್ರವೇಶ ಉಂಟು, ಜಾಮೀನೂ ಉಂಟು. ಸಿ, ಡಿ ಅಂತ ಕೆಳಗಿಳಿದಂತೆ ಜಾಮೀನು ಕಡಿಮೆಯಾಗುತ್ತ ಹೋಗುತ್ತದೆ. ಡಿ ವರ್ಗದಲ್ಲಿ ಸಣ್ಣ ವಿಮಾನದವನು ಅನುಮತಿ ಕೇಳಿಯೇ ಒಳಗೆ ಬರಬೇಕು, ರೇಡಿಯೋದಲ್ಲಿ ಇರಬೇಕು. ಯಾರು ಎಲ್ಲಿದ್ದಾರೆ ಅಂತ ಕಂಟ್ರೋಲರ್ ಹೇಳುತ್ತಾನೆ, ಆದರೆ ನೋಡಿ ತಪ್ಪಿಸಿಕೊಳ್ಳುವುದು ಪೈಲಟ್‌ನ ಕೆಲಸ. ಇ ವರ್ಗದಲ್ಲಿ ಅವನು ಅನುಮತಿಯನ್ನೂ ಕೇಳಬೇಕಿಲ್ಲ. ಎಫ್‌ನಲ್ಲಿ ಬರೀ ಸಲಹೆ. ಜಿ ಅಂದರೆ ಊರ ಹೊರಗಿನ ಬಯಲು, ಕೇಳಿದರೆ ಮಾಹಿತಿ ಸಿಗುತ್ತದೆ, ಜಾಮೀನು ಯಾರೂ ಇಲ್ಲ.

ಭಾರತದಲ್ಲಿ ಪೈಲಟ್ ವಿದ್ಯಾರ್ಥಿಗಳು ಬಹುಕಾಲದಿಂದ ಮುಖ್ಯವಾಗಿ ಓದುತ್ತ ಬಂದಿರುವುದು ಡಿ, ಇ, ಎಫ್, ಜಿ ಈ ನಾಲ್ಕನ್ನು. ದೊಡ್ಡ ವಿಮಾನ ನಿಲ್ದಾಣಗಳ ಸುತ್ತಲಿನದು ಡಿ. ಅಂದರೆ ನಮ್ಮ ಹುಡುಗನಂಥವನು ಪುಟ್ಟ ಸೆಸ್ನಾದಲ್ಲಿ ದೊಡ್ಡ ವಿಮಾನಗಳ ಮಧ್ಯೆ ಬಂದರೆ ಅವನ ಮೊದಲ ಜಾಮೀನು ಅವನ ಕಣ್ಣೇ. ಅದಕ್ಕೇ ಹವೆಯ ನಿಯಮ ಅಷ್ಟು ಕಟ್ಟುನಿಟ್ಟು: 10,000 ಅಡಿಗಿಂತ ಕೆಳಗೆ ಕನಿಷ್ಠ 5 ಕಿಲೋಮೀಟರ್ ದೂರ ಕಾಣಬೇಕು, ಮೋಡದಿಂದ ಪಕ್ಕಕ್ಕೆ ಒಂದೂವರೆ ಕಿಲೋಮೀಟರ್, ಮೇಲೆ ಕೆಳಗೆ 1,000 ಅಡಿ ದೂರ ಇರಬೇಕು.

ಚಾರ್ಟ್ ನೋಡುವುದೂ ಒಂದು ಮಜಾ. ಹತ್ತು ಲಕ್ಷಕ್ಕೆ ಒಂದರ ಅಳತೆ, ಅಂದರೆ ಒಂದು ಸೆಂಟಿಮೀಟರಿಗೆ ಹತ್ತು ಕಿಲೋಮೀಟರ್. ಲೋಹಗಾಂವ್‌ನಿಂದ ಬೆಳಗಾವಿಯ ಸಾಂಬ್ರಾ ಸುಮಾರು 31 ಸೆಂಟಿಮೀಟರ್, ಹೆಚ್ಚುಕಡಿಮೆ ಶಾಲೆಯ ಒಂದು ಅಡಿ ಸ್ಕೇಲು! ಲೋಹಗಾಂವ್‌ನ ನೆಲವೇ ಸಮುದ್ರಮಟ್ಟದಿಂದ 592 ಮೀಟರ್, ಅಂದರೆ 1,942 ಅಡಿ. ಸಿಂಹಗಡ 4,300 ಅಡಿ. ವಿಮಾನದ ಎತ್ತರದ ಮೀಟರು ಸಮುದ್ರದಿಂದ ಲೆಕ್ಕ ಹಾಕುತ್ತಿದ್ದಾಗ 4,000 ಅಡಿ ಅಂತ ತೋರಿಸಿದರೆ, ಲೋಹಗಾಂವ್ ಮೇಲೆ ಹಾಯಾಗಿದ್ದೀರಿ, ಸಿಂಹಗಡದ ಕಡೆ ತಿರುಗಿದರೆ ನೇರ ತಾನಾಜಿಯ ಬಂಡೆಗೆ.

ಚಾರ್ಟಿನಲ್ಲಿ ಬೇಲಿ ಹಾಕಿದ ತುಂಡುಗಳೂ ಇವೆ: ನಿಷೇಧಿತ, ನಿರ್ಬಂಧಿತ, ಅಪಾಯದ ಪ್ರದೇಶ ಅಂತ ಮೂರು ಬಗೆ. ನಿಷೇಧಿತ ಪಟ್ಟಿಯಲ್ಲಿ ಅಣುಕೇಂದ್ರದಂಥವು ಇರುವುದು ಸಹಜ. ಮುಂಬಯಿಯ ಮಲಬಾರ್ ಹಿಲ್ ಮೇಲಿನ ಪಾರ್ಸಿಗಳ ಮೌನಗೋಪುರವೂ ಅದರಲ್ಲಿದೆ ಅಂದರೆ ನಂಬುತ್ತೀರಾ? ಸತ್ತವರ ಮರ್ಯಾದೆಗಾಗಿ ಆಕಾಶಕ್ಕೆ ಹಾಕಿದ ಬೇಲಿ ಅದು.

ನಮ್ಮಂಥ ಮಹಾರಾಷ್ಟ್ರವಾಸಿ ಕನ್ನಡಿಗರಿಗೆ ಒಂದು ಸ್ವಾರಸ್ಯ. ವಿಮಾನ ನಿಲ್ದಾಣಗಳಿಗೆ ನಾಲ್ಕಕ್ಷರದ ಗುರುತು ಇರುತ್ತದೆ, ಎರಡನೆಯ ಅಕ್ಷರ ಎ ಆದರೆ ಮುಂಬಯಿ ಕಡೆ, ಓ ಆದರೆ ಚೆನ್ನೈ ಕಡೆ. ಪುಣೆ ವಿ-ಎ-ಪಿ-ಓ, ಬೆಂಗಳೂರು ವಿ-ಓ-ಬಿ-ಎಲ್. ಬೆಳಗಾವಿ ಮೊದಲು ವಿ-ಎ-ಬಿ-ಎಂ ಇತ್ತು, ಹುಬ್ಬಳ್ಳಿಯೂ ಹಾಗೇ ವಿ-ಎ. ಈಗ ಎರಡೂ ವಿ-ಓ ಆಗಿವೆ. ಕೆಳಗೆ ಗಡಿ ಜಗಳ ಸುಪ್ರೀಂ ಕೋರ್ಟಿನಲ್ಲಿ ಕೂತಿರುವಾಗ ಮೇಲೆ ಬೆಳಗಾವಿಯ ಖಾತೆ ಸದ್ದಿಲ್ಲದೆ ಬದಲಾಗಿದೆ. ಒಂದು ಬಸ್ಸಿಗೂ ಕಲ್ಲು ಬಿದ್ದಿಲ್ಲ :-)

ನಗುವ ಮಾತು ಇಲ್ಲಿಗೆ ಸಾಕು. ಈ ಗೆರೆಗಳಿಗೆ ನಮ್ಮ ದೇಶ ತೆತ್ತ ಬೆಲೆಯ ಮಾತು ಹೇಳಲೇಬೇಕು. 1996ರ ನವೆಂಬರ್ 12ರ ಸಂಜೆ. ದೆಹಲಿಯಿಂದ ಹೊರಟ ಸೌದಿ ಜಂಬೋ ಜೆಟ್ ಮೇಲೇರುತ್ತಿತ್ತು, ಕಜಕ್‌ಸ್ತಾನದ ಇಲ್ಯೂಷಿನ್ ಇಳಿಯುತ್ತಿತ್ತು. ಸೌದಿಗೆ 14,000 ಅಡಿಯಲ್ಲಿ ನಿಲ್ಲಲು, ಕಜಕ್‌ಗೆ 15,000 ಅಡಿಯಲ್ಲಿ ನಿಲ್ಲಲು ಹೇಳಿದ್ದರು. ಕಜಕ್ ವಿಮಾನ ನಿಲ್ಲದೆ ಕೆಳಗಿಳಿಯಿತು. ಹರಿಯಾಣದ ಚರ್ಖಿ ದಾದ್ರಿಯ ಹೊಲಗಳ ಮೇಲೆ 349 ಜನ ಹೋದರು. ನ್ಯಾಯಮೂರ್ತಿ ಲಾಹೋಟಿ ಆಯೋಗ ಮುಖ್ಯ ತಪ್ಪನ್ನು ಕಜಕ್ ಸಿಬ್ಬಂದಿಯ ಮೇಲೆ ಹಾಕಿತು, ಅದು ಸರಿಯೇ. ಆದರೆ ಬರುವ ವಿಮಾನ, ಹೋಗುವ ವಿಮಾನ ಎದುರುಬದುರು ಒಂದೇ ದಾರಿಯಲ್ಲಿ ಯಾಕಿದ್ದವು? ಯಾಕೆಂದರೆ ದೆಹಲಿಯ ಸುತ್ತಲಿನ ಆಕಾಶದ ಬಹುಭಾಗ ವಾಯುಸೇನೆಗೆ ಮೀಸಲಾಗಿತ್ತು, ನಾಗರಿಕ ವಿಮಾನಗಳಿಗೆ ಉಳಿದದ್ದು ಒಂದೇ ಓಣಿ. ಇಬ್ಬರ ನಡುವೆ ಇದ್ದದ್ದು ಸಾವಿರ ಅಡಿಯ ನಂಬಿಕೆ ಮಾತ್ರ. ಆ ದುರಂತದ ನಂತರ ಬರುವುದಕ್ಕೆ, ಹೋಗುವುದಕ್ಕೆ ಬೇರೆ ಬೇರೆ ದಾರಿಗಳಾದವು, ಡಿಕ್ಕಿ ತಪ್ಪಿಸುವ ಎಚ್ಚರಿಕೆಯ ಯಂತ್ರ ಕಡ್ಡಾಯವಾಯಿತು. ನೆಲದ ಮೇಲೆ ಒಂದು ಗುಂಟೆ ದಾರಿ ಬಿಡಲು ಅಣ್ಣತಮ್ಮಂದಿರು ಕೋರ್ಟಿಗೆ ಹೋಗುತ್ತಾರೆ. ಆಕಾಶದಲ್ಲಿ ಎರಡನೆಯ ದಾರಿ ಬಿಡಿಸಲು 349 ಜನರ ಪ್ರಾಣ ಬೇಕಾಯಿತು.

ಹಾಗಂತ ಸೈನ್ಯಕ್ಕೆ ಆಕಾಶ ಬೇಡವೆ? ಬೇಕು. ಸುಖೋಯ್ ಪೈಲಟ್ ಅಭ್ಯಾಸ ಮಾಡದೆ ಇದ್ದರೆ ನಾವು ರಾತ್ರಿ ನಿದ್ದೆ ಮಾಡುವುದು ಹೇಗೆ. ಪ್ರಶ್ನೆ ಅದಲ್ಲ, ಅವರು ಹಾರದ ಹೊತ್ತಿನಲ್ಲೂ ಬೇಲಿ ಹಾಕಿಯೇ ಇರಬೇಕೆ ಅನ್ನುವುದು. 2020ರ ಮೇ 16ರಂದು ಹಣಕಾಸು ಮಂತ್ರಿಗಳೇ ಹೇಳಿದರು, ಭಾರತದ ಆಕಾಶದಲ್ಲಿ ನಾಗರಿಕ ವಿಮಾನಗಳಿಗೆ ಮುಕ್ತವಾಗಿರುವುದು ಶೇಕಡಾ 60 ಮಾತ್ರ, ನಿರ್ಬಂಧ ಸಡಿಲಿಸಿದರೆ ವರ್ಷಕ್ಕೆ ಸುಮಾರು 1,000 ಕೋಟಿ ರೂಪಾಯಿ ಉಳಿಯುತ್ತದೆ ಅಂತ. ಸುತ್ತಿ ಬಳಸಿ ಹಾರುವ ವಿಮಾನದ ಇಂಧನದ ಬಿಲ್ಲು ಕೊನೆಗೆ ಬರುವುದು ನಮ್ಮ ಟಿಕೆಟ್ಟಿಗೇ ತಾನೆ.

ಈಗ ಪುನಃ ಪುಣೆಗೆ, ಆ ಎನ್.ಓ.ಸಿ.ಗೆ. ವಿಮಾನ ನಿಲ್ದಾಣಗಳ ಸುತ್ತ ಒಂದು ಅದೃಶ್ಯ ಬೋಗುಣಿ ಇದೆ ಅಂದುಕೊಳ್ಳಿ. ಅಂತರರಾಷ್ಟ್ರೀಯ ನಿಯಮದ ಪ್ರಕಾರ ದೊಡ್ಡ ರನ್‌ವೇಯಿಂದ 4 ಕಿಲೋಮೀಟರ್ ಸುತ್ತಲೂ, ನಿಲ್ದಾಣದ ಮಟ್ಟದಿಂದ 45 ಮೀಟರ್ ಎತ್ತರದಲ್ಲಿ ಆ ಬೋಗುಣಿಯ ತಳ. ರನ್‌ವೇಯ ನೇರದಲ್ಲಿ, ಅಂದರೆ ಇಲ್ಲಿ ಪೂರ್ವ-ಪಶ್ಚಿಮಕ್ಕೆ, ಮಿತಿ ಇನ್ನೂ ಬಿಗಿ. ಕಟ್ಟಡ ಆ ತಳವನ್ನು ಚುಚ್ಚಬಾರದು. ಮನೆ ಕೊಳ್ಳುವವರು ಎಡವುವುದು ಎಲ್ಲಿ ಅಂದರೆ, ಎನ್.ಓ.ಸಿ.ಯಲ್ಲಿ ಬರೆಯುವ ಎತ್ತರ ನೆಲದಿಂದ ಅಲ್ಲ, ಸಮುದ್ರಮಟ್ಟದಿಂದ. ಉದಾಹರಣೆಗೆ ಬರೀ ಈ ನಿಯಮ ಹಿಡಿದು ಲೆಕ್ಕ ಹಾಕಿ. 592ಕ್ಕೆ 45 ಕೂಡಿದರೆ 637. ನಿಮ್ಮ ಜಾಗ ನದಿ ಬದಿಯ ತಗ್ಗಿನಲ್ಲಿ 560 ಮೀಟರಿನಲ್ಲಿದ್ದರೆ 77 ಮೀಟರ್ ಕಟ್ಟಬಹುದು. ಅದೇ ದಿಬ್ಬದ ಮೇಲೆ 600ರಲ್ಲಿದ್ದರೆ 37 ಮೀಟರ್ ಮಾತ್ರ. ಅದರಲ್ಲಿ ಲಿಫ್ಟಿನ ಕೋಣೆ, ನೀರಿನ ಟ್ಯಾಂಕು, ಆಂಟೆನಾ ಎಲ್ಲ ಸೇರಿ. ಬ್ರೋಷರಿನಲ್ಲಿ 15 ಮಹಡಿ ಅಂತ ಇದ್ದು ಎನ್.ಓ.ಸಿ. 12ಕ್ಕೇ ಮುಗಿದರೆ 13ನೇ ಮಹಡಿಯ ಫ್ಲಾಟಿಗೆ ಅಡ್ವಾನ್ಸ್ ಕೊಟ್ಟವನು ಅಕ್ಷರಶಃ ಆಕಾಶಕ್ಕೆ ದುಡ್ಡು ಕಟ್ಟಿದಂತೆ. ಆದ್ದರಿಂದ ಪ್ಲಾನ್ ನೋಡುವಾಗ ಈ ಕಾಗದವನ್ನೂ ಕೇಳಿ, ಕಳೆಯುವ ಲೆಕ್ಕ ನೀವೇ ಮಾಡಿ.

2021ರ ಸೆಪ್ಟೆಂಬರ್‌ನಿಂದ ಡ್ರೋನಿಗೂ ಇಂಥದೇ ನಕ್ಷೆ ಬಂದಿದೆ: ಹಸಿರು, ಹಳದಿ, ಕೆಂಪು. ಹಳದಿ ವಲಯ ವಿಮಾನ ನಿಲ್ದಾಣದ ಅಂಚಿನಿಂದ 45 ಕಿಲೋಮೀಟರ್ ಇದ್ದದ್ದು 12ಕ್ಕೆ ಇಳಿದಿದೆ. ಮದುವೆ ಮನೆಯಲ್ಲಿ ಡ್ರೋನ್ ಹಾರಿಸುವ ಹುಡುಗರು ಇದನ್ನು ನೋಡುತ್ತಾರೋ ಇಲ್ಲವೋ, ಆದರೆ ಸಾಮಾನ್ಯ ಮನುಷ್ಯ ಮೊಬೈಲಿನಲ್ಲಿ ತೆರೆದು ಓದಬಹುದಾದ ಆಕಾಶದ ನಕ್ಷೆ ನಮ್ಮಲ್ಲಿ ಬಂದದ್ದು ಇದರಿಂದಲೇ ಅನ್ನಬೇಕು.

ಕೊನೆಗೆ ಪುರಂದರ. ಲೋಹಗಾಂವ್ ಸಾಲದು ಅಂತ ಪುರಂದರ ತಾಲೂಕಿನಲ್ಲಿ ಹೊಸ ವಿಮಾನ ನಿಲ್ದಾಣದ ಯೋಜನೆ 2016ರಿಂದ ನಡೆದಿದೆ. ಪಾರ್ಗಾಂವ್, ಖಾನವಡಿ, ಏಖತಪುರ, ಮುಂಜವಡಿ, ಕುಂಭಾರವಳಣ, ಉದಾಚಿವಾಡಿ, ವನಪುರಿ, ಹೀಗೆ ಏಳು ಹಳ್ಳಿ. ಅಂಜೂರ, ಸೀತಾಫಲದ ಸೀಮೆ ಅದು. ಎರಡು ನಿಲ್ದಾಣ ಹತ್ತಿರ ಇದ್ದರೆ ಇಳಿಯುವ ಏರುವ ದಾರಿಗಳು ಆಕಾಶದಲ್ಲಿ ಒಂದಕ್ಕೊಂದು ತಾಗುತ್ತವೆ, ಆದ್ದರಿಂದ ವಾಯುಸೇನೆ ಒಪ್ಪದೆ ಏನೂ ಆಗುವಂತಿಲ್ಲ. ರೈತರ ವಿರೋಧದಿಂದ ಬೇರೆ ಹಳ್ಳಿಗಳ ಕಡೆ ಜಾಗ ಸರಿಸುವ ಯೋಚನೆಯೂ ಆಗಿತ್ತು. ಅದಕ್ಕೆ ಕೊಟ್ಟಿದ್ದ ಒಪ್ಪಿಗೆಯನ್ನು 2021ರಲ್ಲಿ ರಕ್ಷಣಾ ಇಲಾಖೆ ವಾಪಸ್ ಪಡೆಯಿತು, ಗೆರೆ ಮತ್ತೆ ಮೊದಲಿನ ಏಳು ಹಳ್ಳಿಗೇ ಬಂತು. 2025ರ ಮೇ ತಿಂಗಳಲ್ಲಿ ಡ್ರೋನ್ ಸರ್ವೆಗೆ ಬಂದಾಗ ರೈತರಿಗೂ ಪೊಲೀಸರಿಗೂ ಘರ್ಷಣೆ ಆಯಿತು.

ಅಂಜೂರದ ಗಿಡ ಇರುವ ರೈತನ ಕೈಯಲ್ಲಿ ಸಾತ್-ಬಾರಾ ಇದೆ, ಅದರಲ್ಲಿ ಅವನ ಅಜ್ಜನ ಹೆಸರಿದೆ. ಆದರೆ ಅವನ ಹೊಲವೇ ಯಾಕೆ, ಪಕ್ಕದ ಊರು ಯಾಕಲ್ಲ ಅನ್ನುವುದರ ಉತ್ತರದ ದೊಡ್ಡ ಪಾಲು ಮೇಲಿನ ಆ ಇನ್ನೊಂದು ಉತಾರದಲ್ಲಿದೆ. ಅದು ತಲಾಠಿ ಕಚೇರಿಯಲ್ಲಿ ಸಿಗುವುದಿಲ್ಲ, ಮರಾಠಿಯಲ್ಲೂ ಇಲ್ಲ, ಕನ್ನಡದಲ್ಲೂ ಇಲ್ಲ. ಅಮೆರಿಕದ ಆ ಕೋಳಿ ಸಾಕಣೆದಾರನಿಗೆ ಕೋರ್ಟು ಹೇಳಿದ್ದು ಇಷ್ಟೆ: ಆಕಾಶ ನಿನ್ನದಲ್ಲ, ಆದರೆ ಆಕಾಶಕ್ಕಾಗಿ ನಿನ್ನ ನೆಲ ಹಾಳಾದರೆ ಅದರ ಲೆಕ್ಕ ಕೊಡಬೇಕು. ಆ ಲೆಕ್ಕ ಕೇಳಬೇಕಾದರೂ ಮೊದಲು ಗೆರೆ ಎಲ್ಲಿದೆ ಅಂತ ಕಾಣಬೇಕು. ಪೈಲಟ್ ಆಗುವ ಹುಡುಗರು ಪರೀಕ್ಷೆಗಾಗಿ ಓದುವ ಈ ನಕ್ಷೆಯನ್ನು ಅದರ ಕೆಳಗೆ ಬದುಕುವ ನಾವೂ ಒಂದಿಷ್ಟು ಓದಲು ಕಲಿಯುವುದು ಒಳ್ಳೆಯದು ಅಂತ ನನಗೆ ಅನ್ನಿಸುವುದು ಈ ಕಾರಣಕ್ಕೆ.